‘ಜಲಚರಗಳಿಗೆ ಹಾನಿಯಿಲ್ಲ’ ಎಂಬ ಒಂದು ಸಾಲಿನ ಕುರಿತು ತಜ್ಞ ಪರಿಶೀಲನಾ ಸಮಿತಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ರಾಜ್ಯ ಮಟ್ಟದ ಪರಿಸರ ತಜ್ಞ ಪರಿಶೀಲನಾ ಸಮಿತಿ,
ಬೆಂಗಳೂರು.

ವಿಷಯ: ಮಂಗಳೂರಿನ ರಾಸಾಯನಿಕ ಘಟಕವೊಂದರ ವಿಸ್ತರಣೆಗೆ ಸಲ್ಲಿಸಿರುವ ವರದಿಯಲ್ಲಿ, ನೀರಿನ ಅಕಶೇರುಕ (ಬೆನ್ನೆಲುಬಿಲ್ಲದ) ಪ್ರಾಣಿಗಳ ಮೇಲೆ ನಡೆಸಿದ ಅಲ್ಪಾವಧಿ ವಿಷತ್ವ ಪರೀಕ್ಷೆಯ ಬಗ್ಗೆ.

ಮಾನ್ಯರೇ,

ಮಂಗಳೂರಿನ ಕೈಗಾರಿಕಾ ಪ್ರದೇಶವೊಂದರಲ್ಲಿರುವ ರಾಸಾಯನಿಕ ಘಟಕವು ಹೊಸ ಉತ್ಪನ್ನವೊಂದನ್ನು ತಯಾರಿಸಲು ಅನುಮತಿ ಕೋರಿದೆ. ಅದರ ಪರಿಸರ ಪರಿಣಾಮ ಅಂದಾಜಿನ ಕರಡು ವರದಿಯ ಮೇಲೆ ಸಾರ್ವಜನಿಕ ಅಹವಾಲು ಸಭೆ ನಡೆದು ಮುಗಿದಿದ್ದು, ಕಡತವು ಸದ್ಯದಲ್ಲೇ ತಮ್ಮ ಮೇಜಿಗೆ ಬರಲಿದೆ. ನಾನು ಆ ಸಭೆಯಲ್ಲಿ ಹಾಜರಿದ್ದವನು. ಪ್ರಾಣಿಶಾಸ್ತ್ರದ ನಿವೃತ್ತ ಉಪನ್ಯಾಸಕ. ಈ ಪತ್ರವು ಘಟಕ ಬರಬೇಕೇ ಬರಬಾರದೇ ಎಂಬುದರ ಕುರಿತಾದುದಲ್ಲ. ವರದಿಯ ಒಂದೇ ಒಂದು ಸಾಲನ್ನು, ಮತ್ತು ಆ ಸಾಲಿಗೆ ಆಧಾರವೆಂದು ಹೇಳಲಾದ ಒಂದೇ ಒಂದು ಪ್ರಯೋಗವನ್ನು ತಾವು ಎಚ್ಚರದಿಂದ ನೋಡಬೇಕೆಂಬುದಷ್ಟೇ ನನ್ನ ಕೋರಿಕೆ.

ಕನ್ನಡದಲ್ಲಿ ಹಂಚಲಾದ ಸಾರಾಂಶದಲ್ಲಿ ಆ ಸಾಲು ಹೀಗಿದೆ: ‘ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯ ಪ್ರಕಾರ ಈ ವಸ್ತುವಿನಿಂದ ಜಲಚರಗಳಿಗೆ ಹಾನಿಯಿಲ್ಲ.’ ಇದನ್ನು ಓದಿದ ಮೀನುಗಾರರಾಗಲಿ, ಅಳಿವೆಯಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರಾಗಲಿ, ಸಿಗಡಿ, ಏಡಿ, ಮೀನು, ಚಿಪ್ಪುಮೀನು ಎಲ್ಲವನ್ನೂ ಪರೀಕ್ಷಿಸಿಯೇ ಹೀಗೆ ಬರೆದಿರಬೇಕು ಎಂದುಕೊಳ್ಳುವುದು ಸಹಜ. ಸಾರಾಂಶಕ್ಕೆ ಆಧಾರವಾದ ಮೂಲ ಅನುಬಂಧ ಇಂಗ್ಲಿಷಿನಲ್ಲಿದೆ, ಜಿಲ್ಲಾ ಕಚೇರಿಯಲ್ಲಿ ಕುಳಿತು ಓದಬಹುದಾದ ದಪ್ಪ ಸಂಪುಟದ ಕೊನೆಯಲ್ಲಿದೆ. ಅಲ್ಲಿ ಇರುವುದು ಡಾಫ್ನಿಯಾ ಎಂಬ ಸಿಹಿನೀರಿನ ಕಿರುಪ್ರಾಣಿಯ ಮೇಲೆ, ಒಂದೇ ಒಂದು ಸಾಂದ್ರತೆಯಲ್ಲಿ, 48 ಗಂಟೆಗಳ ಕಾಲ ನಡೆಸಿದ ಒಂದು ಪ್ರಯೋಗದ ಸಂಕ್ಷಿಪ್ತ ಟಿಪ್ಪಣಿ ಮಾತ್ರ. ಮೀನಿನ ಹೆಸರಿಲ್ಲ, ಸಿಗಡಿಯ ಹೆಸರಿಲ್ಲ, ಉಪ್ಪುನೀರಿನ ಯಾವ ಜೀವಿಯ ಹೆಸರೂ ಇಲ್ಲ.

ಡಾಫ್ನಿಯಾ ಪರೀಕ್ಷೆಯ ಬಗ್ಗೆ ನನಗೆ ತಾತ್ಸಾರವಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಅವನ್ನು ಬಹಳ ಕಾಲ ಸಾಕಿದವನು ನಾನು. ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವ, ಪಾರದರ್ಶಕ ಮೈಯೊಳಗೆ ಹೃದಯ ಬಡಿಯುವುದನ್ನು ಸಾಧಾರಣ ಸೂಕ್ಷ್ಮದರ್ಶಕದಲ್ಲಿಯೇ ತೋರಿಸಬಹುದಾದ ಈ ಪ್ರಾಣಿ ವಿಷಕ್ಕೆ ಬೇಗ ಸ್ಪಂದಿಸುತ್ತದೆ. ಗಂಡಿನ ಹಂಗಿಲ್ಲದೆ ಮರಿ ಹಾಕುವುದರಿಂದ ಒಂದೇ ತಳಿಯ, ಒಂದೇ ವಯಸ್ಸಿನ ಮರಿಗಳು ಬೇಕಾದಷ್ಟು ಸಿಗುತ್ತವೆ. ಆದ್ದರಿಂದಲೇ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ (ಒಇಸಿಡಿ) 202ನೆಯ ಮಾರ್ಗಸೂಚಿ ಅದನ್ನು ಆರಿಸಿಕೊಂಡಿದೆ. 2004ರಲ್ಲಿ ಪರಿಷ್ಕೃತವಾದ ಆ ಮಾರ್ಗಸೂಚಿಯನ್ನು ಯಾರು ಬೇಕಾದರೂ ಉಚಿತವಾಗಿ ಪಡೆದು ಓದಬಹುದು. ನಾನು ಅದನ್ನು ಒಂದು ಪಕ್ಕದಲ್ಲಿ, ವರದಿಯ ಅನುಬಂಧವನ್ನು ಇನ್ನೊಂದು ಪಕ್ಕದಲ್ಲಿ ಇಟ್ಟುಕೊಂಡು ಓದಿದೆ. ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ಮಾರ್ಗಸೂಚಿಯ ಪ್ರಕಾರ ಹುಟ್ಟಿ 24 ಗಂಟೆ ಕಳೆಯದ ಮರಿಗಳನ್ನು ಮಾತ್ರ ಬಳಸಬೇಕು, ಅವು ತಾಯಿಯ ಮೊದಲ ಸೂಲಿನವಾಗಿರಬಾರದು. ರಾಸಾಯನಿಕವನ್ನು ಕನಿಷ್ಠ 5 ಸಾಂದ್ರತೆಗಳಲ್ಲಿ ಕೊಡಬೇಕು. ಒಂದು ಸಾಂದ್ರತೆಗೂ ಮುಂದಿನದಕ್ಕೂ ನಡುವಿನ ಅಂತರ 2.2 ಪಟ್ಟು ಮೀರದಿರುವುದು ಒಳ್ಳೆಯದು. ಪ್ರತಿ ಸಾಂದ್ರತೆಗೂ 20 ಮರಿಗಳು, ಸಾಧ್ಯವಾದರೆ ಐದೈದರ ನಾಲ್ಕು ಗುಂಪುಗಳಾಗಿ, ಒಂದು ಮರಿಗೆ ಕನಿಷ್ಠ 2 ಮಿಲಿಲೀಟರ್ ನೀರು, 18ರಿಂದ 22 ಡಿಗ್ರಿ ಸೆಲ್ಸಿಯಸ್ ಉಷ್ಣತೆ. ಪ್ರಯೋಗದ ಅವಧಿಯಲ್ಲಿ ಆಹಾರ ಕೊಡುವಂತಿಲ್ಲ, ಗಾಳಿಗುಳ್ಳೆ ಹಾಯಿಸುವಂತಿಲ್ಲ. 24 ಮತ್ತು 48 ಗಂಟೆಗಳಲ್ಲಿ ಪಾತ್ರೆಯನ್ನು ಮೆಲ್ಲನೆ ಅಲುಗಿಸಿ ನೋಡಬೇಕು. ಆ ಬಳಿಕ 15 ಸೆಕೆಂಡಿನೊಳಗೆ ಈಜಲಾಗದ ಮರಿಯನ್ನು, ಅದರ ಮೀಸೆ ಇನ್ನೂ ಮಿಡಿಯುತ್ತಿದ್ದರೂ, ನಿಶ್ಚಲವೆಂದು ಎಣಿಸಬೇಕು. ಅರ್ಧದಷ್ಟು ಮರಿಗಳನ್ನು ನಿಶ್ಚಲಗೊಳಿಸುವ ಸಾಂದ್ರತೆಗೆ ಇಸಿ50 ಎನ್ನುತ್ತಾರೆ. ರಾಸಾಯನಿಕ ಹಾಕದ ಹೋಲಿಕೆ ಗುಂಪಿನಲ್ಲಿ ನಿಶ್ಚಲವಾದವು ಶೇಕಡಾ 10ನ್ನು ಮೀರಿದರೆ, ಅಥವಾ ಕೊನೆಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 3 ಮಿಲಿಗ್ರಾಂಗಿಂತ ಕಡಿಮೆಯಾದರೆ ಪ್ರಯೋಗವೇ ಅಸಿಂಧು.

ಒಂದೇ ಸಾಂದ್ರತೆಯಲ್ಲಿ ಪರೀಕ್ಷೆ ಮಾಡುವುದಕ್ಕೂ ಮಾರ್ಗಸೂಚಿಯಲ್ಲಿ ಅವಕಾಶವಿದೆ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಲೀಟರಿಗೆ 100 ಮಿಲಿಗ್ರಾಂ ಹಾಕಿ 20 ಮರಿಗಳನ್ನು ಬಿಟ್ಟು, ಇಸಿ50 ಅದಕ್ಕಿಂತ ಮೇಲಿದೆ ಎಂದಷ್ಟೇ ತೋರಿಸುವ ಮಿತಿ ಪರೀಕ್ಷೆ ಅದು. ಈ ಘಟಕದ ಸಲಹೆಗಾರರು ಮಾಡಿಸಿರುವುದೂ ಅದನ್ನೇ. ಆದರೆ ಅದೇ ವರದಿಯ ಇನ್ನೊಂದು ಅಧ್ಯಾಯದಲ್ಲಿ, ಬೆಂಕಿ ಅವಘಡದ ಸುರಕ್ಷತೆಯ ಬಗ್ಗೆ ಹೇಳುವಾಗ, ಈ ವಸ್ತು ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಲೀಟರಿಗೆ ಕೆಲವೇ ಮಿಲಿಗ್ರಾಂ, ಮತ್ತು ಬೇಗ ಆವಿಯಾಗುತ್ತದೆ ಎಂದು ಬರೆಯಲಾಗಿದೆ. ಕೆಲವೇ ಮಿಲಿಗ್ರಾಂ ಕರಗುವ ವಸ್ತುವಿನ 100 ಮಿಲಿಗ್ರಾಂ ದ್ರಾವಣ ಎಂದರೇನು? ಕರಗದೆ ಉಳಿದದ್ದು ಎಲ್ಲಿತ್ತು? ಮೇಲೆ ಪೊರೆಯಾಗಿ ತೇಲುತ್ತಿತ್ತೇ, ಗಾಜಿನ ಗೋಡೆಗೆ ಅಂಟಿತ್ತೇ, ತೆರೆದ ಬೀಕರಿನಿಂದ ಎರಡು ದಿನಗಳಲ್ಲಿ ಗಾಳಿಗೆ ಹೋಗಿತ್ತೇ? ಅನುಬಂಧದಲ್ಲಿ ಉತ್ತರವಿಲ್ಲ, ಏಕೆಂದರೆ ನೀರಿನಲ್ಲಿ ನಿಜವಾಗಿ ಎಷ್ಟು ಇತ್ತು ಎಂದು ಅಳೆದೇ ಇಲ್ಲ. ತೂಗಿ ಹಾಕಿದ ಲೆಕ್ಕವನ್ನೇ ಮರಿಗಳು ಅನುಭವಿಸಿದ ಲೆಕ್ಕವೆಂದು ಬರೆಯಲಾಗಿದೆ.

ಮಾರ್ಗಸೂಚಿ ಇದನ್ನು ಒಪ್ಪುವುದಿಲ್ಲ. ಕನಿಷ್ಠ ಪಕ್ಷ ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಸಾಂದ್ರತೆಗಳನ್ನು ಪ್ರಯೋಗದ ಆರಂಭದಲ್ಲಿಯೂ ಕೊನೆಯಲ್ಲಿಯೂ ಅಳೆಯಬೇಕು, ಅಳತೆಯು ಉದ್ದೇಶಿತ ಪ್ರಮಾಣಕ್ಕಿಂತ ಶೇಕಡಾ 20ಕ್ಕೂ ಹೆಚ್ಚು ಆಚೀಚೆ ಹೋದರೆ ಅಳೆದ ಪ್ರಮಾಣವನ್ನೇ ಆಧರಿಸಿ ಫಲಿತಾಂಶ ಹೇಳಬೇಕು ಎನ್ನುತ್ತದೆ. ಕಡಿಮೆ ಕರಗುವ, ಆವಿಯಾಗುವ, ಪಾತ್ರೆಗೆ ಅಂಟುವ ಕಷ್ಟದ ವಸ್ತುಗಳಿಗಾಗಿಯೇ ಒಇಸಿಡಿ 2000ದಲ್ಲಿ ಪ್ರತ್ಯೇಕ ಮಾರ್ಗದರ್ಶಿಯನ್ನು ಪ್ರಕಟಿಸಿ 2019ರಲ್ಲಿ ಅದನ್ನು ಪರಿಷ್ಕರಿಸಿದೆ. ಮುಚ್ಚಿದ ಪಾತ್ರೆಗಳನ್ನು ಬಳಸುವುದು, ಮೇಲೆ ಖಾಲಿ ಜಾಗ ಬಿಡದೆ ನೀರು ತುಂಬುವುದು, ಬೇಕಾದರೆ ನಡುವೆ ದ್ರಾವಣವನ್ನು ಬದಲಿಸುವುದು, ಹೀಗೆ ದಾರಿಗಳನ್ನು ಅದರಲ್ಲಿ ವಿವರವಾಗಿ ಕೊಟ್ಟಿದ್ದಾರೆ. ಅನುಬಂಧದಲ್ಲಿ ಆ ಮಾರ್ಗದರ್ಶಿಯ ಉಲ್ಲೇಖವೂ ಇಲ್ಲ. ಹೋಲಿಕೆ ಗುಂಪಿನ ಅಂಕಿಗಳಿಲ್ಲ, ಮರಿಗಳ ವಯಸ್ಸಿಲ್ಲ, ಪರೀಕ್ಷಿಸಿದ ಮಾದರಿಯ ಶುದ್ಧತೆ ಎಷ್ಟೆಂದಿಲ್ಲ. ಸಾಕಿದ ಡಾಫ್ನಿಯಾ ಆರೋಗ್ಯವಾಗಿವೆಯೇ ಎಂದು ಆಗಾಗ ಪೊಟ್ಯಾಸಿಯಂ ಡೈಕ್ರೋಮೇಟ್ ಎಂಬ ಪರಿಚಿತ ವಿಷವನ್ನು ಹಾಕಿ ನೋಡುವ ರೂಢಿ ಒಳ್ಳೆಯ ಪ್ರಯೋಗಾಲಯಗಳಲ್ಲಿದೆ. 24 ಗಂಟೆಯ ಇಸಿ50 ಲೀಟರಿಗೆ 0.6ರಿಂದ 2.1 ಮಿಲಿಗ್ರಾಂ ನಡುವೆ ಬಂದರೆ ಡಾಫ್ನಿಯಾ ಮ್ಯಾಗ್ನಾ ಎಂಬ ಜಾತಿಯ ತಳಿ ಸರಿಯಿದೆ ಎಂದರ್ಥ. ಆ ದಾಖಲೆಯೂ ಇಲ್ಲ. ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬ ಇಂಥ ರೆಕಾರ್ಡ್ ಪುಸ್ತಕ ತಂದುಕೊಟ್ಟಿದ್ದರೆ ಸಹಿ ಹಾಕದೆ ಹಿಂದೆ ಕಳಿಸುತ್ತಿದ್ದೆ.

ಅಹವಾಲು ಸಭೆಯಲ್ಲಿ ಈ ಪ್ರಶ್ನೆಗಳನ್ನು ಲಿಖಿತವಾಗಿ ಕೊಟ್ಟು, ಮೈಕಿನ ಮುಂದೆ ಓದಿದೆ. ಘಟಕದ ಪರವಾಗಿ ಬಂದ ಸಲಹೆಗಾರರು ‘ಪರೀಕ್ಷೆ ಮಾನದಂಡದ ಪ್ರಕಾರವೇ ನಡೆದಿದೆ’ ಎಂದು ಒಂದೇ ವಾಕ್ಯದಲ್ಲಿ ಉತ್ತರಿಸಿದರು. ಕೊನೆಗೆ ಓದಿ ಹೇಳಿದ ನಡಾವಳಿಯಲ್ಲಿ ನನ್ನ ಮಾತು ‘ಸಾರ್ವಜನಿಕರೊಬ್ಬರು ಜಲಚರಗಳ ಬಗ್ಗೆ ಆತಂಕ ವ್ಯಕ್ತಪಡಿಸಿದರು’ ಎಂದಾಗಿತ್ತು. ಸಭೆಯಲ್ಲಿ ಕೊಟ್ಟ ಗೋಳಿಬಜೆ ಬಿಸಿಯಾಗಿತ್ತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಾನು ವ್ಯಕ್ತಪಡಿಸಿದ್ದು ಆತಂಕವನ್ನಲ್ಲ. ಕೇಳಿದ್ದು ಅಳತೆಯ ಅಂಕಿಗಳನ್ನು. ಪರಿಸರ ಪರಿಣಾಮ ಅಂದಾಜಿನ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯಂತೆ ಸಭೆಯಲ್ಲಿ ಎತ್ತಿದ ಪ್ರಶ್ನೆಗಳಿಗೆ ಅಂತಿಮ ವರದಿಯಲ್ಲಿ ಉತ್ತರವಿರಬೇಕು. ಪ್ರಶ್ನೆಯೇ ಆತಂಕವಾಗಿ ಕರಗಿಹೋದರೆ ಉತ್ತರವೂ ‘ಆತಂಕ ಬೇಡ’ ಎಂದೇ ಬಂದೀತು ಎಂಬ ಕಾರಣಕ್ಕೆ ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಯಿತು.

ಇನ್ನು, ಪ್ರಯೋಗವನ್ನು ದೋಷವಿಲ್ಲದೆ ಮತ್ತೊಮ್ಮೆ ಮಾಡಿಸಿದರೂ ಬಗೆಹರಿಯದ ಇನ್ನೊಂದು ವಿಷಯವಿದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ದೊಡ್ಡದು. ಈ ಘಟಕದ ಸಂಸ್ಕರಿಸಿದ ನೀರು ಹೋಗುವುದು ಫಲ್ಗುಣಿಯ ಕೆಳಹರಿವಿಗೆ. ಕೂಳೂರಿನ ಕೆಳಗೆ ಆ ನದಿ ಕಡಲಿಗೆ ಸಮಾನಾಂತರವಾಗಿ ತಣ್ಣೀರುಬಾವಿ, ಬೆಂಗ್ರೆಗಳ ಮರಳುದಿಣ್ಣೆಯ ಬೆನ್ನಿಗೆ ಹರಿದು, ಅಳಿವೆಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಭರತದ ನೀರು ನದಿಯೊಳಗೆ ಬಹಳ ದೂರ ಏರುತ್ತದೆ. ಉಪ್ಪುನೀರು ಏರದಂತೆ ಕರಾವಳಿಯ ಹೊಳೆಗಳಿಗೆ ಕಿಂಡಿ ಅಣೆಕಟ್ಟು ಕಟ್ಟುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಜುಲೈಯಲ್ಲಿ ಅದೇ ಜಾಗದ ನೀರು ಬಹುಮಟ್ಟಿಗೆ ಸಿಹಿಯಾಗಿರುತ್ತದೆ. ಸಮುದ್ರದ ಉಪ್ಪಿನಲ್ಲಿ ಬದುಕಲಾಗದ ಡಾಫ್ನಿಯಾ ಈ ನೀರಿನ ನಿವಾಸಿಯಲ್ಲ. ಪರೀಕ್ಷೆಗೆ ಹೆಚ್ಚಾಗಿ ಬಳಸುವ ಡಾಫ್ನಿಯಾ ಮ್ಯಾಗ್ನಾ ಮುಖ್ಯವಾಗಿ ಸಮಶೀತೋಷ್ಣ ವಲಯದ ಕೆರೆಕುಂಟೆಗಳ ಪ್ರಾಣಿ. ಅದಕ್ಕೆ ಹಿತವಾದ ಪರೀಕ್ಷೆಯ ನೀರು ಗಡಸು: ಲೀಟರಿಗೆ 140ರಿಂದ 250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮಾನವಾದ ಗಡಸುತನ. ಘಟ್ಟದಿಂದ ಇಳಿದು ಮುರಕಲ್ಲಿನ ನೆಲದಲ್ಲಿ ಹರಿದುಬರುವ ನಮ್ಮ ಹೊಳೆಗಳ ಸಿಹಿನೀರು ಅದಕ್ಕೆ ಹೋಲಿಸಿದರೆ ಬಹಳ ಮೆದು. ತಾಮ್ರ, ಸತು, ಕ್ಯಾಡ್ಮಿಯಂಗಳಂಥ ಲೋಹಗಳು ಮೆದು ನೀರಿನಲ್ಲಿ ಹೆಚ್ಚು ವಿಷವಾಗುತ್ತವೆ ಎಂಬುದು ಹಳೆಯ ಪಾಠ. ಪ್ರಯೋಗಾಲಯದ 20 ಡಿಗ್ರಿ ಇಲ್ಲಿ ಎಂದೂ ಇಲ್ಲ. ನಮ್ಮ ಅಳಿವೆಯ ನೀರು 28, 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಬಿಸಿ ಏರಿದಂತೆ ಪ್ರಾಣಿಯ ಉಸಿರಾಟ ಹೆಚ್ಚುತ್ತದೆ, ಅನೇಕ ವಿಷಗಳ ಪರಿಣಾಮವೂ ಹೆಚ್ಚುತ್ತದೆ.

ಇಲ್ಲಿ ಇರುವವು ಬೇರೆ ಜೀವಿಗಳು. ಮರುವಾಯಿ ತನ್ನ ತತ್ತಿ ಮತ್ತು ವೀರ್ಯಗಳನ್ನು ನೇರವಾಗಿ ನೀರಿಗೆ ಬಿಡುತ್ತದೆ. ಭ್ರೂಣ ನೀರಿನಲ್ಲೇ ಬೆಳೆದು ಒಂದೆರಡು ದಿನಗಳಲ್ಲಿ ಮೊದಲ ಚಿಪ್ಪನ್ನು ಕಟ್ಟುತ್ತದೆ. ಆ ಒಂದೆರಡು ದಿನ ಅದಕ್ಕೆ ಯಾವ ಕವಚವೂ ಇಲ್ಲ. ಬೆಳೆದ ಮರುವಾಯಿಯಾದರೋ ಕೆಟ್ಟ ನೀರು ಬಂದರೆ ಚಿಪ್ಪು ಮುಚ್ಚಿಕೊಂಡು ಕೆಲಕಾಲ ಕಾದೀತು, ಆದರೆ ಉಳಿದ ಹೊತ್ತಿನಲ್ಲಿ ನೀರನ್ನು ಸೋಸುತ್ತಲೇ ಇರುವುದರಿಂದ ನೀರಿನಲ್ಲಿದ್ದದ್ದು ಅದರ ಮಾಂಸಕ್ಕೆ ಸೇರುತ್ತದೆ, ಅಲ್ಲಿಂದ ನಮ್ಮ ಊಟದ ಸುಕ್ಕಕ್ಕೂ ಪುಂಡಿಗೂ ಬರುತ್ತದೆ. ಸಿಗಡಿಯ ಮರಿಗಳು ಕಡಲಿನಿಂದ ಅಳಿವೆಯೊಳಗೆ ಬಂದು, ಕಾಂಡ್ಲದ (ಮ್ಯಾಂಗ್ರೋವ್) ಬೇರುಗಳ ನಡುವೆ ಬೆಳೆದು ಮತ್ತೆ ಕಡಲಿಗೆ ಮರಳುತ್ತವೆ. ಸಿಗಡಿ, ಏಡಿಗಳು ಬೆಳೆಯಲು ಪೊರೆ ಕಳಚಲೇಬೇಕು, ಕಳಚಿದ ಕ್ಷಣದಲ್ಲಿ ಅವು ಅತ್ಯಂತ ದುರ್ಬಲ. ಇವುಗಳಲ್ಲಿ ಯಾವುದೊಂದನ್ನೂ ಕೇಳದೆ, ಎಲ್ಲಿಯದೋ ಕೆರೆಯ ಒಂದು ಪ್ರಾಣಿಯ ಸಾಕ್ಷ್ಯದಿಂದ ಇಡೀ ಅಳಿವೆಗೆ ತೀರ್ಪು ಕೊಡುವುದು, ಕುಂದಾಪುರದ ಮಳೆ ನೋಡಿ ಬಳ್ಳಾರಿಯ ಬೆಳೆವಿಮೆ ನಿರ್ಧರಿಸಿದ ಹಾಗಾಯಿತು.

ಉಪ್ಪುನೀರಿನ ಪರೀಕ್ಷೆಗಳಿಗೆ ವಿಧಾನಗಳಿಲ್ಲ ಎಂದು ಯಾರೂ ಹೇಳಲಾಗದು. ಸಮುದ್ರದ ಕೋಪೆಪಾಡ್‌ಗಳೆಂಬ ಸೂಕ್ಷ್ಮ ಕವಚಜೀವಿಗಳ ಮೇಲೆ ಅಲ್ಪಾವಧಿ ವಿಷತ್ವ ಅಳೆಯುವ ಐಎಸ್‌ಒ 14669 ಮಾನದಂಡ 1999ರಿಂದ ಇದೆ. ಮೈಸಿಡ್ ಎಂಬ ಕಿರುಸಿಗಡಿಯ ಮೇಲೆ 96 ಗಂಟೆಗಳ ಪರೀಕ್ಷೆಗೂ, ಚಿಪ್ಪುಮೀನಿನ ಭ್ರೂಣಗಳ ಮೇಲೆ 48 ಗಂಟೆಗಳ ಪರೀಕ್ಷೆಗೂ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾರ್ಗಸೂಚಿಗಳಿವೆ. ಭ್ರೂಣ ಪರೀಕ್ಷೆಯಂತೂ ಡಾಫ್ನಿಯಾ ಪರೀಕ್ಷೆಯಷ್ಟೇ ಹೊತ್ತು ಹಿಡಿಯುತ್ತದೆ. ಪರಿಣತಿಗೂ ಕೊರತೆಯಿಲ್ಲ: ದೇಶದ ಮೊತ್ತಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ಇದೇ ಮಂಗಳೂರಿನಲ್ಲಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇಲ್ಲಿದೆ. ಉತ್ತಮ ಪ್ರಯೋಗಾಲಯ ಪದ್ಧತಿಯ ಪ್ರಮಾಣಪತ್ರ ಕೊಡುವ ರಾಷ್ಟ್ರೀಯ ವ್ಯವಸ್ಥೆಯಿದ್ದು, ಒಂದು ದೇಶದ ಪರೀಕ್ಷಾ ಅಂಕಿಗಳನ್ನು ಇತರ ದೇಶಗಳೂ ಒಪ್ಪುವ, ಒಇಸಿಡಿಯ ಪರಸ್ಪರ ಮಾನ್ಯತೆಯ ಒಪ್ಪಂದಕ್ಕೆ ಭಾರತ 2011ರಿಂದ ಪೂರ್ಣ ಸಹಭಾಗಿ. ನಮ್ಮ ದೇಶದ ಪ್ರಯೋಗಾಲಯಗಳು ಪರದೇಶಗಳಿಗೆ ಕಳುಹಿಸುವ ವರದಿಗಳಲ್ಲಿ ಇರಲೇಬೇಕಾದ ಅಚ್ಚುಕಟ್ಟು, ಫಲ್ಗುಣಿಯ ವರದಿಯಲ್ಲಿ ಏಕಿರಬಾರದು?

‘ಸಂಸ್ಕರಿಸಿದ ನೀರು ಕಾನೂನಿನ ಮೀನು ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆ, ಅಷ್ಟು ಸಾಲದೇ’ ಎಂಬ ಮಾತೂ ಸಭೆಯಲ್ಲಿ ಬಂತು. 1986ರ ಪರಿಸರ ಸಂರಕ್ಷಣಾ ನಿಯಮಗಳ ಆರನೆಯ ಅನುಸೂಚಿಯಂತೆ, ಏನನ್ನೂ ಬೆರೆಸದ ತ್ಯಾಜ್ಯನೀರಿನಲ್ಲಿ 96 ಗಂಟೆಗಳ ಬಳಿಕ ಶೇಕಡಾ 90ರಷ್ಟು ಮೀನುಗಳು ಬದುಕಿರಬೇಕು. ಒಳ್ಳೆಯ ನಿಯಮ, ಅದು ಇರಲಿ. ಆದರೆ ಮೀನು ಬದುಕಿದ ನೀರಿನಲ್ಲಿ ಅಕಶೇರುಕಗಳು ಬದುಕುತ್ತವೆ ಎಂಬ ಖಾತರಿಯಿಲ್ಲ. ಬಣ್ಣ, ರಬ್ಬರು, ಔಷಧ ಉದ್ಯಮಗಳಲ್ಲಿ ಬಳಕೆಯಾಗುವ ಅನಿಲೀನನ್ನೇ ನೋಡಿ: ಮೀನುಗಳನ್ನು ನಾಲ್ಕು ದಿನಗಳಲ್ಲಿ ಕೊಲ್ಲಲು ಲೀಟರಿಗೆ 10 ಮಿಲಿಗ್ರಾಂಗಿಂತ ಹೆಚ್ಚು, ಕೆಲವು ಜಾತಿಗಳಿಗೆ ಅದಕ್ಕೂ ಎಷ್ಟೋ ಪಟ್ಟು ಬೇಕಾಗುವ ಆ ವಸ್ತು, ಡಾಫ್ನಿಯಾವನ್ನು ಎರಡೇ ದಿನಗಳಲ್ಲಿ 1 ಮಿಲಿಗ್ರಾಂಗಿಂತಲೂ ಕಡಿಮೆಯಲ್ಲಿ ನಿಶ್ಚಲಗೊಳಿಸುತ್ತದೆ. ಮೀನನ್ನು ಮಾತ್ರ ನೋಡಿದವರಿಗೆ ಅನಿಲೀನ್ ಸಾಧು. ಅದೇ ರೀತಿ ಡಾಫ್ನಿಯಾವನ್ನು ಮಾತ್ರ ನೋಡಿದವರಿಗೆ ಸಾಧುವಾಗಿ ಕಾಣುವ ವಸ್ತು ಚಿಪ್ಪುಮೀನಿಗೆ ಹಾಗಿರಬೇಕೆಂದಿಲ್ಲ.

ಅವಧಿಯ ಪ್ರಶ್ನೆಯೂ ಇದೆ. 48 ಗಂಟೆಗಳಲ್ಲಿ ಡಾಫ್ನಿಯಾ ಮರಿ ತಾನು ಮರಿ ಹಾಕುವ ವಯಸ್ಸಿಗೂ ಬಂದಿರುವುದಿಲ್ಲ. ಸಂತಾನದ ಮೇಲಿನ ಪರಿಣಾಮ ನೋಡಲು 21 ದಿನಗಳ ಇನ್ನೊಂದು ಪರೀಕ್ಷೆ, ಒಇಸಿಡಿಯ 211ನೆಯ ಮಾರ್ಗಸೂಚಿ, ಇರುವುದು ಆ ಕಾರಣಕ್ಕೇ. ದೋಣಿಯ ತಳಕ್ಕೆ ಹಚ್ಚುವ ಬಣ್ಣದಲ್ಲಿ ಬಳಸುತ್ತಿದ್ದ ಟ್ರೈಬ್ಯೂಟೈಲ್ ಟಿನ್ ಎಂಬ ರಾಸಾಯನಿಕದ ಕಥೆ ಬಂದರಿನ ಊರಿನವರಾದ ನಮಗೆ ತಿಳಿದಿರಬೇಕು. ಲೀಟರಿಗೆ ಒಂದು ನ್ಯಾನೋಗ್ರಾಂ, ಅಂದರೆ ಮಿಲಿಗ್ರಾಂನ ಹತ್ತು ಲಕ್ಷದಲ್ಲೊಂದು ಭಾಗದ ಆಸುಪಾಸಿನಲ್ಲಿಯೇ ಅದು ಯುರೋಪಿನ ಕಡಲತೀರದ ಹೆಣ್ಣು ಶಂಖುಹುಳುಗಳಲ್ಲಿ ಗಂಡಿನ ಅಂಗಗಳನ್ನು ಬೆಳೆಸಿತು. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ 1970ರ ದಶಕದ ಕೊನೆಯಲ್ಲಿ ಸಿಂಪಿಗಳ ಮರಿ ಸಿಗುವುದೇ ನಿಂತು, ಸಾಕಣೆದಾರರು ಕಂಗಾಲಾದ ಮೇಲೆ ಆ ದೇಶ 1982ರಲ್ಲಿ ಸಣ್ಣ ದೋಣಿಗಳಿಗೆ ಅದರ ಬಳಕೆಯನ್ನು ನಿರ್ಬಂಧಿಸಿತು. ಜಗತ್ತಿನ ಎಲ್ಲ ಹಡಗುಗಳಿಗೂ ಅನ್ವಯಿಸುವ ನಿಷೇಧ 2001ರಲ್ಲಿ ಒಪ್ಪಂದವಾಗಿ, ಜಾರಿಗೆ ಬಂದದ್ದು 2008ರ ಸೆಪ್ಟೆಂಬರಿನಲ್ಲಿ. ಪ್ರಾಣಿ ಈಜುತ್ತಿದೆಯೇ ಇಲ್ಲವೇ ಎಂದು ಎರಡು ದಿನ ನೋಡುವ ಯಾವ ಪರೀಕ್ಷೆಯೂ ಆ ಹಾನಿಯನ್ನು ಮುಂಚಿತವಾಗಿ ತೋರಿಸಲಾರದು. ಈ ಘಟಕದ ವಸ್ತು ಅಂಥದ್ದೇ ಎಂದು ನಾನು ಹೇಳುತ್ತಿಲ್ಲ. ಅಂಥದ್ದಲ್ಲ ಎಂದು ಹೇಳುವ ಅಧಿಕಾರ ಅವರಲ್ಲಿರುವ ಕಾಗದಕ್ಕಿಲ್ಲ.

ವಾದಕ್ಕಾಗಿ ಅವರ ಅಂಕಿಯನ್ನೇ ಸರಿಯೆಂದು ಒಪ್ಪಿಕೊಂಡು ನೋಡೋಣ. ಯುರೋಪಿನ ರಾಸಾಯನಿಕ ನಿಯಂತ್ರಣದ ಮಾರ್ಗದರ್ಶಿಯಲ್ಲಿ, ಪಾಚಿ, ಅಕಶೇರುಕ, ಮೀನು ಈ ಮೂರೂ ವರ್ಗಗಳ ಅಲ್ಪಾವಧಿ ಪರೀಕ್ಷೆಗಳಷ್ಟೇ ಇರುವಾಗ, ಅವುಗಳಲ್ಲಿ ಅತಿ ಕಡಿಮೆಯ ಅಂಕಿಯನ್ನು ಸಿಹಿನೀರಿಗಾದರೆ 1,000ದಿಂದ, ಸಮುದ್ರದ ನೀರಿಗಾದರೆ 10,000ದಿಂದ ಭಾಗಿಸಿ, ಬಂದದ್ದನ್ನು ಸುರಕ್ಷಿತ ಮಟ್ಟವೆಂದು ತಾತ್ಕಾಲಿಕವಾಗಿ ಹಿಡಿಯುತ್ತಾರೆ. ಸಮುದ್ರದಲ್ಲಿ ಜೀವಿವರ್ಗಗಳ ವೈವಿಧ್ಯ ಹೆಚ್ಚು, ಮಾಹಿತಿ ಕಡಿಮೆ ಎಂಬುದೇ ಆ ಹೆಚ್ಚಿನ ಭಾಜಕಕ್ಕೆ ಕಾರಣ. ಅಂದರೆ 100 ಮಿಲಿಗ್ರಾಂ ಎಂಬ ಅಂಕಿ ಪಾಚಿಗೂ ಮೀನಿಗೂ ಅನ್ವಯಿಸುತ್ತದೆ ಎಂದು ಉದಾರವಾಗಿ ಒಪ್ಪಿದರೂ, ಅಳಿವೆಯ ಬಾಯಲ್ಲಿ ಲೀಟರಿಗೆ 0.01 ಮಿಲಿಗ್ರಾಂ ದಾಟಿದರೆ ಪ್ರಶ್ನೆ ಏಳುತ್ತದೆ. ಘಟಕದಿಂದ ಹೊರಬರುವ ನೀರಿನಲ್ಲಿ ಈ ವಸ್ತು ಎಷ್ಟಿರಬಹುದು, ನದಿ ಸೇರಿದ ಮೇಲೆ ಎಷ್ಟಾಗಬಹುದು ಎಂಬ ಅಂದಾಜು ಕರಡಿನಲ್ಲಿ ಎಲ್ಲಿಯೂ ಇಲ್ಲ. ‘ಹಾನಿಯಿಲ್ಲ’ ಎಂದಮೇಲೆ ಅಂದಾಜು ಏಕೆ ಎಂಬ ಧೋರಣೆ ಇರಬೇಕು.

ಮಳೆಗಾಲದಲ್ಲಿ ಎಲ್ಲವೂ ತೊಳೆದು ಹೋಗುತ್ತದೆ ಎಂಬ ಸಮಾಧಾನವನ್ನೂ ಕೇಳಿದ್ದೇನೆ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ, ಘಟಕದ ಅಂಗಳದಲ್ಲಿ ಬೇಸಿಗೆಯಿಡೀ ಚೆಲ್ಲಿದ್ದು ಜೂನ್ ಮೊದಲ ವಾರದ ಮಳೆಗೆ ಒಟ್ಟಿಗೇ ತೋಡಿಗೆ ಇಳಿಯುತ್ತದೆ. ಆಗ ನದಿಯಲ್ಲಿ ಇನ್ನೂ ನೆರೆ ಬಂದಿರುವುದಿಲ್ಲ. ಸಂಸ್ಕರಣಾ ಘಟಕದ ಲೆಕ್ಕ ಬೇರೆ, ಮಳೆನೀರಿನ ಚರಂಡಿಯ ಲೆಕ್ಕ ಬೇರೆ.

ಹೀಗಿರುವುದರಿಂದ ಸಮಿತಿಯು ಈ ಪ್ರಸ್ತಾವವನ್ನು ಪರಿಗಣಿಸುವ ಮೊದಲು, ಡಾಫ್ನಿಯಾ ಪ್ರಯೋಗದ ಪೂರ್ಣ ವರದಿಯನ್ನು ಮೂಲ ಅಂಕಿಗಳ ಸಮೇತ ತರಿಸಿಕೊಳ್ಳಬೇಕೆಂದು ಕೋರುತ್ತೇನೆ. ಪ್ರಯೋಗಾಲಯದ ಪ್ರಮಾಣಪತ್ರ, ಮಾದರಿಯ ಶುದ್ಧತೆ, ಮರಿಗಳ ವಯಸ್ಸು, ಹೋಲಿಕೆ ಗುಂಪಿನ ಫಲಿತಾಂಶ, ಆರಂಭದಲ್ಲಿ ಮತ್ತು ಕೊನೆಯಲ್ಲಿ ಅಳೆದ ಸಾಂದ್ರತೆ, ಇವಿಷ್ಟೂ ಅದರಲ್ಲಿರಬೇಕು. ಅಳೆದೇ ಇಲ್ಲವೆಂದಾದರೆ ಆ ಪ್ರಯೋಗವನ್ನು ಪರಿಗಣನೆಯಿಂದ ಕೈಬಿಟ್ಟು, ಆವಿಯಾಗುವ ಮತ್ತು ಕಡಿಮೆ ಕರಗುವ ವಸ್ತುವಿಗೆ ತಕ್ಕ ವಿಧಾನದಲ್ಲಿ, ಮುಚ್ಚಿದ ಪಾತ್ರೆಗಳಲ್ಲಿ, 5 ಸಾಂದ್ರತೆಗಳಲ್ಲಿ ಹೊಸದಾಗಿ ಮಾಡಿಸಲು ಸೂಚಿಸಬೇಕು.

ಅದರ ಜೊತೆಗೆ, ನೀರು ಸೇರುವುದು ಅಳಿವೆಗೆ ಆದ್ದರಿಂದ, ಉಪ್ಪುನೀರಿನ ಕನಿಷ್ಠ ಎರಡು ಬಗೆಯ ಅಕಶೇರುಕಗಳ ಮೇಲೆ, ಒಂದು ಕೋಪೆಪಾಡ್ ಅಥವಾ ಮೈಸಿಡ್, ಇನ್ನೊಂದು ಚಿಪ್ಪುಮೀನಿನ ಭ್ರೂಣ, ಇಲ್ಲಿಯ ಉಷ್ಣತೆಯಲ್ಲಿ, ಬೇಸಿಗೆಯ ಮತ್ತು ಮಳೆಗಾಲದ ಲವಣಾಂಶಗಳೆರಡರಲ್ಲಿಯೂ ಪರೀಕ್ಷೆ ನಡೆಯಬೇಕು. ಇದಕ್ಕೆ ತಗಲುವ ವೆಚ್ಚ ಘಟಕದ ಬಂಡವಾಳದ ಮುಂದೆ ಲೆಕ್ಕಕ್ಕೆ ಬಾರದಷ್ಟು. ಪರೀಕ್ಷಿಸುವ ಪ್ರಯೋಗಾಲಯವನ್ನು ಘಟಕವಲ್ಲ, ಸಮಿತಿಯೇ ಹೆಸರಿಸಬೇಕು. ಹಣ ಕೊಡುವವನೇ ಪರೀಕ್ಷಕನನ್ನು ಆರಿಸುವ ಈಗಿನ ಪದ್ಧತಿ ಯಾವ ವಿಶ್ವವಿದ್ಯಾಲಯದಲ್ಲಿಯೂ ನಡೆಯದು. ಅನುಮತಿ ಕೊಡುವುದೆಂದೇ ತೀರ್ಮಾನವಾದರೆ, ಮೂರು ತಿಂಗಳಿಗೊಮ್ಮೆ ತ್ಯಾಜ್ಯನೀರನ್ನೂ, ಜೂನ್ ಮೊದಲ ಮಳೆಯ ಚರಂಡಿ ನೀರನ್ನೂ ಮೀನಿನ ಜೊತೆಗೆ ಅಕಶೇರುಕಗಳ ಮೇಲೆ ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸುವ ಷರತ್ತನ್ನು ವಿಧಿಸಬೇಕು.

ಕೊನೆಯದಾಗಿ ಕನ್ನಡ ಸಾರಾಂಶದ ಆ ಸಾಲು. ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಕೊಕ್ಕಡದಂಥ ಊರುಗಳಿರುವ ಜಿಲ್ಲೆಯಲ್ಲಿ ‘ಹಾನಿಯಿಲ್ಲ’ ಎಂಬ ಮಾತನ್ನು ಯಾರೂ ಹಗುರವಾಗಿ ಅಚ್ಚು ಹಾಕಬಾರದು. ಆ ಸಾಲನ್ನು ತೆಗೆದು, ‘ಒಂದು ಸಿಹಿನೀರಿನ ಪ್ರಾಣಿಯ ಮೇಲೆ 48 ಗಂಟೆಗಳ ಪರೀಕ್ಷೆ ನಡೆದಿದೆ, ಮೀನು, ಸಿಗಡಿ, ಏಡಿ, ಚಿಪ್ಪುಮೀನುಗಳ ಮೇಲೆ ಪರೀಕ್ಷೆ ನಡೆದಿಲ್ಲ’ ಎಂದು ಬರೆಸಿ, ತಿದ್ದಿದ ಸಾರಾಂಶವನ್ನು ಮೊದಲಿನದನ್ನು ಇಟ್ಟಿದ್ದ ಎಲ್ಲ ಪಂಚಾಯತಿಗಳಲ್ಲಿಯೂ ಕಚೇರಿಗಳಲ್ಲಿಯೂ ಮತ್ತೆ ಇಡಿಸಬೇಕು. ಅನುಬಂಧದ ಪುಟಗಳಲ್ಲಿ ನಾನು ಗುರುತು ಹಾಕಿದ ಪ್ರತಿಯನ್ನು ಈ ಪತ್ರದೊಂದಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ಸಮಿತಿ ಕರೆದರೆ ಬೆಂಗಳೂರಿಗೆ ಸ್ವಂತ ಖರ್ಚಿನಲ್ಲಿ ಬಂದು ವಿವರಿಸಲು ಸಿದ್ಧನಿದ್ದೇನೆ. ಸಲಹೆಗಾರರೂ ಅದೇ ಮೇಜಿನಲ್ಲಿ, ತಮ್ಮ ಮೂಲ ಅಂಕಿಗಳೊಂದಿಗೆ, ಹಾಜರಿರಲಿ.

ಗೌರವಪೂರ್ವಕ ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಪ್ರಾಣಿಶಾಸ್ತ್ರದ ನಿವೃತ್ತ ಉಪನ್ಯಾಸಕ,
ಮಂಗಳೂರು